ಮನೆಗೆ ಸಾದಾ ನೆಟ್‌ವರ್ಕ್ ಸ್ವಿಚ್ ಸಾಕು, ಹಟ್ಟಿಗೆ ತಾಮ್ರದ ತಂತಿ ಬೇಡ

ಪ್ರಶ್ನೆ: ನಮ್ಮದು ಕಾಸರಗೋಡಿನ ಬದಿಯಡ್ಕ ಸಮೀಪದ ಹಳೆಯ ಮುರಕಲ್ಲಿನ ಮನೆ. ಮೇಲೆ ಸ್ಲ್ಯಾಬ್ ಹಾಕಿ ಉಪ್ಪರಿಗೆ ಕಟ್ಟಿಸಿದ್ದೇವೆ. ಚಾವಡಿಯಲ್ಲಿ ಫೈಬರ್ ಇಂಟರ್ನೆಟ್ಟಿನ ಮೋಡೆಮ್ ಇದೆ, 150 ಎಂಬಿಪಿಎಸ್ ಪ್ಲಾನು. ಮಗ, ಸೊಸೆ ಇಬ್ಬರೂ ಉಪ್ಪರಿಗೆಯಲ್ಲಿ ಕೂತು ಆಫೀಸಿನ ಕೆಲಸ ಮಾಡುವವರು; ಅಲ್ಲಿಗೆ ವೈಫೈ ಸರಿಯಾಗಿ ತಲುಪುವುದಿಲ್ಲ. ಮನೆಯಿಂದ ಸುಮಾರು 60 ಮೀಟರ್ ದೂರದಲ್ಲಿ ದನದ ಹಟ್ಟಿ, ಅದಕ್ಕೆ ತಾಗಿ ಅಡಿಕೆ ಕೊಟ್ಟಿಗೆ. ಅಲ್ಲಿ ಎರಡು ಕ್ಯಾಮರಾ ಹಾಕಬೇಕೆಂದಿದ್ದೇವೆ. ಅಂಗಡಿಯವರು 16 ಪೋರ್ಟಿನ ಮ್ಯಾನೇಜ್ಡ್ ಪಿಒಇ ಸ್ವಿಚ್ಚನ್ನೇ ಕೊಳ್ಳಬೇಕು ಎನ್ನುತ್ತಾರೆ. ಪೆಟ್ಟಿಗೆಯ ಮೇಲಿರುವುದು ಇಂಗ್ಲಿಷು, ಅಂಗಡಿಯಲ್ಲಿ ವಿವರಿಸಿದ್ದು ಮಲಯಾಳದಲ್ಲಿ. ನಿವೃತ್ತ ಅಧ್ಯಾಪಕನಾದ ನನಗೆ ಎರಡೂ ಅರ್ಧರ್ಧ ತಿಳಿಯಿತು. ಮನೆಯಲ್ಲಿ 5 ಪೋರ್ಟಿನ ಹಳೆಯ ಸ್ವಿಚ್ ಒಂದಿದೆ, ಅದು ಸಾಲದೇ? ಏನು ಕೊಳ್ಳಲಿ?

ಉತ್ತರ: ನಮಸ್ಕಾರ ಮಾಸ್ತರರೇ. ಮನೆಯೊಳಗೆ 8 ಪೋರ್ಟಿನ, ಎಂದರೆ ಕೇಬಲ್ ಚುಚ್ಚುವ ಎಂಟು ಕಿಂಡಿಗಳಿರುವ, ಸಾದಾ ಗಿಗಾಬಿಟ್ (1000 ಎಂಬಿಪಿಎಸ್) ಸ್ವಿಚ್ ಒಂದು ಕೊಳ್ಳಿ. 16 ಪೋರ್ಟ್ ಬೇಡ, ಮ್ಯಾನೇಜ್ಡ್ ಬೇಡ, ಮನೆಯೊಳಗೆ ಪಿಒಇಯೂ (ಕೇಬಲಿನಲ್ಲೇ ಕರೆಂಟು ಕಳಿಸುವ ಏರ್ಪಾಡು) ಬೇಡ. ಉಳಿಯುವ ಹಣವನ್ನು ಒಳ್ಳೆಯ ಕೇಬಲಿಗೆ ಮತ್ತು ಹಟ್ಟಿಗೆ ಹೋಗುವ ಲೈನಿಗೆ ಹಾಕಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಆ 60 ಮೀಟರ್. ಅದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕಾಗಿದೆ, ಸ್ವಿಚ್ಚಿನ ವಿಷಯ ಮುಗಿಸಿ ಅಲ್ಲಿಗೆ ಬರುತ್ತೇನೆ.

ಸ್ವಿಚ್ ಮಾಡುವ ಕೆಲಸ ಇಷ್ಟೆ. ಮೋಡೆಮಿನಿಂದ ಒಂದು ಕೇಬಲ್ ಬಂದು ಸ್ವಿಚ್ಚಿನ ಯಾವುದಾದರೂ ಒಂದು ಪೋರ್ಟಿಗೆ ಸೇರುತ್ತದೆ. ಉಳಿದ ಪೋರ್ಟುಗಳಿಂದ ಟಿವಿ, ಕಂಪ್ಯೂಟರ್, ಕ್ಯಾಮರಾಗಳಿಗೆ ಕೇಬಲ್ ಹೋಗುತ್ತದೆ. ಪ್ರತಿ ಯಂತ್ರಕ್ಕೂ ಮ್ಯಾಕ್ ವಿಳಾಸವೆಂಬ ಗುರುತು ಇರುತ್ತದೆ. ಆ ಗುರುತಿನವನು ಯಾವ ಪೋರ್ಟಿನಲ್ಲಿದ್ದಾನೆ ಎಂದು ಸ್ವಿಚ್ ತಾನೇ ಕಲಿತುಕೊಂಡು, ಟಿವಿಗೆ ಬಂದದ್ದನ್ನು ಟಿವಿಗೇ, ಕಂಪ್ಯೂಟರಿಗೆ ಬಂದದ್ದನ್ನು ಕಂಪ್ಯೂಟರಿಗೇ ಕಳಿಸುತ್ತದೆ. ಇದಕ್ಕೆ ಯಾವ ಸೆಟ್ಟಿಂಗೂ ಬೇಡ, ಪಾಸ್‌ವರ್ಡೂ ಬೇಡ. ಕರೆಂಟು ಕೊಟ್ಟು ಕೇಬಲ್ ಚುಚ್ಚಿದರೆ ಆಯಿತು. ಸ್ವಿಚ್ ಹಾಕಿದ್ದರಿಂದ ಇಂಟರ್ನೆಟ್ಟಿನ ವೇಗ ಹೆಚ್ಚುವುದಿಲ್ಲ. ಬಂದ ವೇಗ ಗೋಡೆಗೆ ಬಡಿದು ಸೋರದೆ ಮೂಲೆಮೂಲೆಗೂ ತಲುಪುತ್ತದೆ.

ಮುರಕಲ್ಲಿನ ಮನೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಒಂದಡಿ ದಪ್ಪದ ಗೋಡೆ, ಮಳೆಗಾಲದಲ್ಲಿ ಅದರೊಳಗೆ ಕೂತ ತೇವ, ಮೇಲೆ ಕಬ್ಬಿಣದ ಸರಳು ತುಂಬಿದ ಸ್ಲ್ಯಾಬು. ವೈಫೈ ಸಿಗ್ನಲ್ಲಿಗೆ ಇವು ಮೂರೂ ಅಡ್ಡಿ. ವಿಡಿಯೊ ಕಾಲಿಗೆ ಮೂರು ನಾಲ್ಕು ಎಂಬಿಪಿಎಸ್ ಧಾರಾಳ ಸಾಕು. ಅಷ್ಟು ಉಪ್ಪರಿಗೆಗೆ ಹೇಗೋ ಬಂದರೂ ಅದು ಬಂದು ಹೋಗಿ, ಬಂದು ಹೋಗಿ ಮಾಡುವುದರಿಂದ ನಿಮ್ಮ ಸೊಸೆಯ ಮಾತು ನಡುವೆ ಕಡಿಯುತ್ತದೆ. ಅವರಿಬ್ಬರ ಮೇಜಿಗೆ ತಂತಿ ತಲುಪಿದರೆ ಈ ರಗಳೆ ಮುಗಿಯಿತು.

ಮ್ಯಾನೇಜ್ಡ್ ಸ್ವಿಚ್ ಎಂದರೆ ಒಳಗೆ ಸೆಟ್ಟಿಂಗುಗಳಿರುವ ಸ್ವಿಚ್. ಕಂಪ್ಯೂಟರಿನಿಂದ ಲಾಗಿನ್ ಆಗಿ, ತರವಾಡು ಮನೆಯನ್ನು ಹಿಸ್ಸೆ ಮಾಡಿದ ಹಾಗೆ, ಒಂದೇ ಸ್ವಿಚ್ಚನ್ನು ಬೇರೆ ಬೇರೆ ಜಾಲಗಳಾಗಿ ಪಾಲು ಮಾಡಬಹುದು. ಹೋಂಸ್ಟೇ ನಡೆಸುವವರು ಅತಿಥಿಗಳ ಜಾಲವನ್ನೂ ಮನೆಯ ಜಾಲವನ್ನೂ ಬೇರೆ ಇಡಬೇಕಾದರೆ ಅದು ಬೇಕು. ಶಾಲೆಗೆ, ಆಸ್ಪತ್ರೆಗೆ ಬೇಕು. ನಿಮ್ಮ ಮನೆಯಲ್ಲಿ ಅದಕ್ಕೆ ಕೆಲಸವಿಲ್ಲ. ಯಾರೋ ಬಂದು ಸೆಟ್ ಮಾಡಿ ಹೋದ ಪಾಸ್‌ವರ್ಡ್ ಎರಡು ವರ್ಷ ಕಳೆದು ಯಾರಿಗೂ ನೆನಪಿರುವುದಿಲ್ಲ, ಆಗ ಒಂದು ಕೇಬಲ್ ಬದಲಿಸಲೂ ಅವರನ್ನೇ ಕಾಯಬೇಕು. 2.5 ಗಿಗಾಬಿಟ್ಟಿನ ಸ್ವಿಚ್‌ಗಳೂ ಈಗ ಬರುತ್ತಿವೆ. 150ರ ಪ್ಲಾನಿಗೆ ಅವು ಬೇಡ.

ಆದರೆ ಗಿಗಾಬಿಟ್ ಬೇಕೇ ಬೇಕು, ಇಲ್ಲಿ ಚೌಕಾಶಿ ಮಾಡಬೇಡಿ. ಅಂಗಡಿಗಳಲ್ಲಿ 100 ಎಂಬಿಪಿಎಸ್ಸಿನ ಸ್ವಿಚ್ ಇಂದಿಗೂ ಮಾರುತ್ತಾರೆ, ಗಿಗಾಬಿಟ್ಟಿನದ್ದಕ್ಕಿಂತ ಕೆಲವು ನೂರು ರೂಪಾಯಿ ಕಡಿಮೆಗೆ. ನೋಡುವುದಕ್ಕೆ ಎರಡೂ ಒಂದೇ ತರ, ಪೆಟ್ಟಿಗೆಯೂ ಹೆಚ್ಚುಕಡಿಮೆ ಒಂದೇ. ಪೆಟ್ಟಿಗೆಯ ಮೇಲೆ 10/100 ಎಂದಷ್ಟೇ ಇದ್ದರೆ ಕೆಳಗಿಡಿ. 10/100/1000 ಎಂದಿದ್ದರೆ ಗಿಗಾಬಿಟ್. ಮಾಡೆಲ್ ಹೆಸರಿನಲ್ಲೂ ಸುಳಿವು ಇರುತ್ತದೆ. ಟಿಪಿ-ಲಿಂಕ್ ಆದರೆ ಟಿಎಲ್-ಎಸ್‌ಎಫ್ ಎಂದು ಶುರುವಾಗುವುದು 100ರದ್ದು, ಟಿಎಲ್-ಎಸ್‌ಜಿ ಎಂದಿರುವುದು ಗಿಗಾಬಿಟ್. ಅದೇ ಕಂಪೆನಿಯ ಎಲ್‌ಎಸ್1005 ಎಂದರೆ 100, ಕೊನೆಗೆ ಜಿ ಸೇರಿ ಎಲ್‌ಎಸ್1005ಜಿ ಆದರೆ ಗಿಗಾಬಿಟ್. ಡಿ-ಲಿಂಕ್ ಆದರೆ ಡಿಇಎಸ್ 100ರದ್ದು, ಡಿಜಿಎಸ್ ಗಿಗಾಬಿಟ್. ಒಂದು ಅಕ್ಷರದ ವ್ಯತ್ಯಾಸ, ಕೊಳ್ಳುವಾಗ ಬೆರಳಿಟ್ಟು ಓದಿ. ಈ ಎರಡು ಕಂಪೆನಿಗಳಲ್ಲಿ ಯಾವುದಾದರೂ ಆದೀತು. ಸಾದಾ ಸ್ವಿಚ್ಚಿನ ಮಟ್ಟಿಗೆ ಹೆಸರಿಗಾಗಿ ಹೆಚ್ಚು ದುಡ್ಡು ಕೊಡುವಂಥದ್ದೇನೂ ಇಲ್ಲ. ಸಾಧ್ಯವಾದರೆ ತಗಡಿನ ಮೈಯದ್ದನ್ನು ತೆಗೆದುಕೊಳ್ಳಿ, ಬಿಸಿ ಬೇಗ ಬಿಟ್ಟುಕೊಡುತ್ತದೆ. ಪೆಟ್ಟಿಗೆಯ ಮೇಲೆ '16 ಜಿಬಿಪಿಎಸ್ ಸಾಮರ್ಥ್ಯ' ಎಂದು ದೊಡ್ಡದಾಗಿ ಬರೆದಿರುತ್ತದೆ. ಅದು 8 ಪೋರ್ಟಿನ ಹೋಗುವ ದಾರಿ, ಬರುವ ದಾರಿ ಎರಡನ್ನೂ ಕೂಡಿಸಿದ ಲೆಕ್ಕ, ಯಾವ ಒಳ್ಳೆಯ ಗಿಗಾಬಿಟ್ ಸ್ವಿಚ್ಚಿನಲ್ಲೂ ಅಷ್ಟೇ ಇರುತ್ತದೆ.

ಪೋರ್ಟು ಎಂಟೇ ಏಕೆಂದರೆ, ಮೋಡೆಮಿನಿಂದ ಬರುವುದಕ್ಕೆ ಒಂದು ಹೋಯಿತು. ಚಾವಡಿಯ ಟಿವಿಗೆ ಒಂದು, ಉಪ್ಪರಿಗೆಗೆ ಎರಡು, ಕ್ಯಾಮರಾ ರೆಕಾರ್ಡರಿಗೆ ಒಂದು, ಹಟ್ಟಿಯ ಲೈನಿಗೆ ಒಂದು. ಅಲ್ಲಿಗೆ ಆರು. 5 ಪೋರ್ಟಿನದ್ದು ತಂದರೆ ಕೈಗೆ ಸಿಗುವುದು ನಾಲ್ಕೇ. ಉಪ್ಪರಿಗೆಗೆ ಎರಡು ಕೇಬಲ್ ಎಂದೆ. ಕೇಬಲಿಗಿಂತ ಗೋಡೆ ಕೊರೆಯುವ ಕೂಲಿ ಹೆಚ್ಚು, ಹಾಗಾಗಿ ಒಮ್ಮೆ ಕೊರೆದಾಗಲೇ ಎರಡು ಎಳೆದುಬಿಡಿ. ಮೇಲೆ ಮೊಬೈಲುಗಳಿಗೂ ವೈಫೈ ಬೇಕಾದೀತು. ಹಳೆಯ ವೈಫೈ ರೂಟರ್ ಮನೆಯಲ್ಲಿದ್ದರೆ ಅದರ ಡಿಎಚ್‌ಸಿಪಿ (ಯಂತ್ರಗಳಿಗೆ ಐಪಿ ವಿಳಾಸ ಹಂಚುವ ಸೆಟ್ಟಿಂಗು) ಆಫ್ ಮಾಡಿ, ಅದರ ಐಪಿ ವಿಳಾಸ ಮೋಡೆಮಿನದ್ದಕ್ಕೆ ಡಿಕ್ಕಿ ಹೊಡೆಯದ ಹಾಗೆ ಬದಲಿಸಿ, ಕೇಬಲನ್ನು ಅದರ ವ್ಯಾನ್ ಪೋರ್ಟಿನ (ಇಂಟರ್ನೆಟ್ ಒಳಬರುವ ಕಿಂಡಿ) ಬದಲು ಲ್ಯಾನ್ ಪೋರ್ಟಿಗೆ (ಮನೆಯ ಯಂತ್ರಗಳ ಕಿಂಡಿ) ಚುಚ್ಚಿದರೆ ಉಪ್ಪರಿಗೆಗೆ ಒಳ್ಳೆಯ ವೈಫೈ ಆಯಿತು. ಉಳಿದ ಲ್ಯಾನ್ ಪೋರ್ಟುಗಳಿಂದ ಮೇಜಿನ ಕಂಪ್ಯೂಟರುಗಳಿಗೂ ಕೊಡಬಹುದು. ಆ ರೂಟರ್ ಗಿಗಾಬಿಟ್ ಹೌದೋ ನೋಡಿಕೊಳ್ಳಿ.

ಮೋಡೆಮಿನ ಹಿಂಬದಿಯನ್ನೂ ಒಮ್ಮೆ ತಿರುಗಿಸಿ ನೋಡಿ. ಫೈಬರ್ ಕೊಟ್ಟವರು ಇಡುವ ಹಲವು ಮೋಡೆಮುಗಳಲ್ಲಿ ಒಂದು ಪೋರ್ಟು ಮಾತ್ರ ಗಿಗಾಬಿಟ್, ಉಳಿದವು 100ರವು. ಗಿಗಾಬಿಟ್ ಪೋರ್ಟಿನ ಹತ್ತಿರ ಸಾಮಾನ್ಯವಾಗಿ ಜಿಇ ಎಂದೋ ಲ್ಯಾನ್ 1 ಎಂದೋ ಇರುತ್ತದೆ. ಸ್ವಿಚ್ಚಿನ ಕೇಬಲ್ ಅದಕ್ಕೇ ಹೋಗಬೇಕು. ಎಲ್ಲ ಜೋಡಿಸಿದ ಮೇಲೆ ಸ್ಪೀಡ್ ಟೆಸ್ಟ್ ಮಾಡಿ. 150ರ ಪ್ಲಾನಿನಲ್ಲಿ ಮತ್ತೆ ಮತ್ತೆ 94, 95ರ ಆಸುಪಾಸಿಗೆ ಬಂದು ನಿಂತರೆ, ಇಂಟರ್ನೆಟ್ಟಿನವರನ್ನು ದೂರಬೇಡಿ. ದಾರಿಯಲ್ಲಿ ಎಲ್ಲೋ ಒಂದು ಕಡೆ 100ರ ಪೋರ್ಟು ಅಥವಾ ಅರ್ಧ ಕಡಿದ ಕೇಬಲ್ ಇದೆ ಎಂದೇ ಅರ್ಥ. ಕೇಬಲಿನೊಳಗೆ ನಾಲ್ಕು ಜೋಡಿ ತಂತಿ ಇರುತ್ತವೆ; 100ಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಬೇಕು. ಕನೆಕ್ಟರಿನಲ್ಲಿ ಒಂದು ತಂತಿ ಕೂಡದೆ ಹೋದರೂ ಎಷ್ಟೋ ಸಲ ಲೈಟು ಉರಿಯುತ್ತದೆ, ಇಂಟರ್ನೆಟ್ ಬರುತ್ತದೆ, ವೇಗ ಮಾತ್ರ 100ಕ್ಕೆ ಇಳಿದು ಕೂತಿರುತ್ತದೆ. ಮನೆಯವರಿಗೆ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ.

ಕೇಬಲಿನ ಮಾತಿಗೆ ಬಂದೆವಲ್ಲ. ಕ್ಯಾಟ್ 6 ದರ್ಜೆಯದ್ದು ಕೊಡಿ ಎಂದು ಕೇಳಿ. ಕ್ಯಾಟ್ 5ಇ ಕೂಡ 100 ಮೀಟರಿನವರೆಗೆ ಗಿಗಾಬಿಟ್ ಒಯ್ಯುತ್ತದೆ, ಹಾಗಾಗಿ ಅದರಲ್ಲಿ ಮೋಸವೇನಿಲ್ಲ. ಮೋಸ ಇರುವುದು ತಂತಿಯ ಒಳಗೆ. ಅಲ್ಯುಮಿನಿಯಂ ತಂತಿಗೆ ಮೇಲೆ ತೆಳ್ಳಗೆ ತಾಮ್ರ ಲೇಪಿಸಿ, ಕ್ಯಾಟ್ 6 ಎಂದೇ ಅಚ್ಚು ಹಾಕಿ ಮಾರುತ್ತಾರೆ. ಅಂಗಡಿಯಲ್ಲೇ ಪರೀಕ್ಷೆ ಮಾಡಿ, ನಾಚಿಕೆಪಡಬೇಡಿ. ತುಂಡೊಂದರ ಸಿಪ್ಪೆ ಸುಲಿದು, ಒಂದು ಎಳೆಯನ್ನು ಬ್ಲೇಡಿನಿಂದ ಮೆಲ್ಲಗೆ ಹೆರೆಯಿರಿ. ನಿಜವಾದ ತಾಮ್ರವಾದರೆ ಎಷ್ಟು ಹೆರೆದರೂ ಹೊಸ ಪೈಸೆಯ ಕೆಂಪು. ಲೇಪದ್ದಾದರೆ ಎರಡು ಗೀರಿಗೆ ಬೆಳ್ಳಗೆ ಮಿನುಗುತ್ತದೆ, ನಾಲ್ಕೈದು ಸಲ ಬಗ್ಗಿಸಿದರೆ ಒಣ ಕಡ್ಡಿಯ ಹಾಗೆ ತುಂಡಾಗುತ್ತದೆ. ಅಂಥ ತಂತಿ ಕನೆಕ್ಟರಿನೊಳಗೆ ಸಡಿಲಾಗುತ್ತದೆ, ಪಿಒಇ ಕರೆಂಟು ಹರಿದರೆ ಬಿಸಿಯಾಗುತ್ತದೆ. ತಂತಿ ಎಳೆಯುವಾಗ ಪಿವಿಸಿ ಪೈಪಿನೊಳಗೇ ಎಳೆಯಿರಿ, ಅಟ್ಟದ ಇಲಿಗೆ ಕೇಬಲಿನ ಸಿಪ್ಪೆ ಎಂದರೆ ಬಹಳ ಇಷ್ಟ. ಕರೆಂಟಿನ ವಯರಿರುವ ಪೈಪಿನಲ್ಲಿ ಇದನ್ನು ಸೇರಿಸಲೇಬೇಡಿ.

ಇನ್ನು ಹಟ್ಟಿ.

ಪೆರ್ಲದ ಕಡೆ ಒಂದು ಮನೆಗೆ, ಪಂಪ್‌ಶೆಡ್ಡಿನ ಕ್ಯಾಮರಾಗೆಂದು ನಾನೇ ಮನೆಯಿಂದ ಕ್ಯಾಟ್ 6 ಎಳೆದುಕೊಟ್ಟಿದ್ದೆ. ತೋಟದ ನಡುವೆ, ಪೈಪಿನಲ್ಲಿ, ನೆಲದಡಿ. 100 ಮೀಟರಿನ ಒಳಗೇ ಇತ್ತು, ಪುಸ್ತಕದ ಪ್ರಕಾರ ಎಲ್ಲ ಸರಿ. ತುಲಾ ತಿಂಗಳ ಒಂದು ಸಂಜೆ ಪಂಪ್‌ಶೆಡ್ಡಿನಾಚೆಯ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಮನೆಯವರು ಅನುಭವಸ್ಥರು, ಗುಡುಗು ಶುರುವಾದ ಕೂಡಲೇ ಟಿವಿ, ಮೋಡೆಮ್, ಕಂಪ್ಯೂಟರ್ ಎಲ್ಲದರ ಕರೆಂಟಿನ ಪ್ಲಗ್ಗು ಕಿತ್ತಿಟ್ಟಿದ್ದರು. ಆದರೂ ಮೂರೂ ಹೋದವು. ಸ್ವಿಚ್ ಬಿಚ್ಚಿ ನೋಡಿದೆ. ಪಂಪ್‌ಶೆಡ್ಡಿನ ಕೇಬಲ್ ಚುಚ್ಚಿದ್ದ ಪೋರ್ಟಿನ ಹಿಂದೆ ಇರುವ ಪುಟ್ಟ ಕಪ್ಪು ಟ್ರಾನ್ಸ್‌ಫಾರ್ಮರ್ ಬಾಯಿ ಬಿಟ್ಟಿತ್ತು. ಅಲ್ಲಿಂದ ಬೋರ್ಡಿನ ಮೇಲೆ ಮಸಿಯ ಗೆರೆಯೊಂದು ಪಕ್ಕದ ಪೋರ್ಟಿನವರೆಗೆ ಹರಿದಿತ್ತು. ಕರೆಂಟಿನ ದಾರಿ ಮುಚ್ಚಿದ್ದರು, ನೆಟ್‌ವರ್ಕಿನ ದಾರಿಯನ್ನು ನಾನು ತೆರೆದಿಟ್ಟು ಬಂದಿದ್ದೆ. ಆ ಮನೆಯ ಹುಡುಗಿಯ ಪರೀಕ್ಷೆಗೆ ಬೇಕಾದದ್ದೆಲ್ಲ ಆ ಕಂಪ್ಯೂಟರಿನಲ್ಲಿತ್ತು. ಆ ದಿನದ ಮೇಲೆ ಎರಡು ಕಟ್ಟಡಗಳ ನಡುವೆ ನಾನು ತಾಮ್ರ ಎಳೆದಿಲ್ಲ, ಎಳೆಯುವುದೂ ಇಲ್ಲ.

ಆಗುವುದು ಹೀಗೆ. ಸಿಡಿಲು ಭೂಮಿಗೆ ಇಳಿದಲ್ಲಿ ನೆಲದ ವೋಲ್ಟೇಜೇ ಕ್ಷಣಕಾಲ ವಿಪರೀತ ಏರುತ್ತದೆ. ಹಟ್ಟಿಯ ಅರ್ತಿಂಗ್ ಒಂದು ಕಡೆ, ಮನೆಯ ಅರ್ತಿಂಗ್ ಇನ್ನೊಂದು ಕಡೆ. ಇವೆರಡರ ನಡುವೆ ತಾಮ್ರದ ತಂತಿ ಇದ್ದರೆ ಏರಿದ ಕಡೆಯಿಂದ ಇಳಿದ ಕಡೆಗೆ ಅದೇ ದಾರಿ. ಸಿಡಿಲು ತಂತಿಗೇ ಬಡಿಯಬೇಕೆಂದಿಲ್ಲ, ಹತ್ತಿರದ ಮರಕ್ಕೆ ಬಡಿದರೂ ಸಾಕು. ಸ್ವಿಚ್ಚಿನ ಪೋರ್ಟುಗಳು ಸಾಮಾನ್ಯವಾಗಿ 1500 ವೋಲ್ಟ್ ತಡೆಯುವಂತೆ ಮಾಡಿದವು, ಸಿಡಿಲಿನ ಮುಂದೆ ಅದು ಏನೂ ಅಲ್ಲ. ಏರಿದ ವೋಲ್ಟೇಜನ್ನು ನೆಲಕ್ಕೆ ಇಳಿಸಲು ಕೇಬಲಿಗೆ ಹಾಕುವ ಸರ್ಜ್ ಅರೆಸ್ಟರ್ ಸಿಗುತ್ತದೆ, ಆದರೆ ಒಳ್ಳೆಯ ಅರ್ತಿಂಗ್ ಇದ್ದರಷ್ಟೇ ಅದರಿಂದ ಪ್ರಯೋಜನ. ಮುರಕಲ್ಲಿನ ಗುಡ್ಡದಲ್ಲಿ ಏಪ್ರಿಲ್ ಮೇ ತಿಂಗಳಿಗೆ ನೆಲ ಒಣಗಿ ಅರ್ತಿಂಗ್ ಹೆಸರಿಗೆ ಮಾತ್ರ ಉಳಿದಿರುತ್ತದೆ; ಸಂಜೆಯ ಗುಡುಗು ಜೋರಾಗುವುದೂ ಆಗಲೇ.

ಹಾಗಾಗಿ ಹಟ್ಟಿಗೆ ಫೈಬರ್ ಎಳೆಸಿ. ನಿಮ್ಮ ಮನೆಗೆ ಇಂಟರ್ನೆಟ್ ತಂದ ಅದೇ ಗಾಜಿನ ಎಳೆ. ಗಾಜಿನಲ್ಲಿ ಬೆಳಕು ಹೋಗುತ್ತದೆ, ಕರೆಂಟು ಹೋಗುವುದಿಲ್ಲ. ಎರಡು ತುದಿಗೂ ಮೀಡಿಯಾ ಕನ್ವರ್ಟರ್ ಎಂಬ ಅಂಗೈಯಗಲದ ಡಬ್ಬಿ ಬೇಕು. ಒಂದು ಕಡೆ ಫೈಬರ್, ಇನ್ನೊಂದು ಕಡೆ ಸಾಮಾನ್ಯ ನೆಟ್‌ವರ್ಕ್ ಪೋರ್ಟು. ಜೋಡಿಯಾಗಿಯೇ ಕೊಳ್ಳಬೇಕು. ಒಂದೇ ಎಳೆಯಲ್ಲಿ ಎರಡು ಕಡೆಗೂ ಮಾತು ನಡೆಯಬೇಕಾದ್ದರಿಂದ ಒಂದು ಡಬ್ಬಿ 1310 ನ್ಯಾನೊಮೀಟರಿನ ಬೆಳಕಿನಲ್ಲಿ ಕಳಿಸಿ 1550ರಲ್ಲಿ ಕೇಳುತ್ತದೆ, ಇನ್ನೊಂದು ಇದಕ್ಕೆ ಉಲ್ಟಾ. ಡಬ್ಬಿಯ ಮೇಲೆ ಎ, ಬಿ ಎಂದು ಗುರುತಿರುತ್ತದೆ. ಎರಡು ಎ ತಂದರೆ ಎರಡೂ ಮಾತಾಡುವವು, ಕೇಳುವವರು ಯಾರೂ ಇಲ್ಲ. ಫೈಬರಿನ ತುದಿ ಜೋಡಿಸುವ ಕೆಲಸ ನಮ್ಮಿಂದಾಗುವುದಲ್ಲ. ಬಿಎಸ್‌ಎನ್‌ಎಲ್ ಇರಲಿ, ಕೇಬಲ್ ಟಿವಿಯವರ ಇಂಟರ್ನೆಟ್ ಇರಲಿ, ಲೈನ್ ನೋಡಿಕೊಳ್ಳುವ ಹುಡುಗರ ಕೈಯಲ್ಲಿ ಜೋಡಿಸುವ ಮೆಷಿನ್ ಇರುತ್ತದೆ. ಕೂಲಿ ಕೊಟ್ಟರೆ ಮಾಡಿಕೊಡುತ್ತಾರೆ. 60 ಮೀಟರಿಗೆ 80 ಮೀಟರ್ ತನ್ನಿ, ಎರಡು ತುದಿಯಲ್ಲೂ ಒಂದೆರಡು ಸುತ್ತು ಉಳಿದಿರಲಿ. ಮನೆಮನೆಗೆ ಎಳೆಯುವ ಫೈಬರಿನ ಜೊತೆಯಲ್ಲಿ ಸಾಮಾನ್ಯವಾಗಿ ಒಂದು ಉಕ್ಕಿನ ತಂತಿ ಇರುತ್ತದೆ. ಅದಿಲ್ಲದ ಫೈಬರ್ ಸಿಕ್ಕಿದರೆ ಉತ್ತಮ. ಇದ್ದರೆ ಆ ಉಕ್ಕನ್ನು ಹೊರಗೋಡೆಯಲ್ಲೇ ಕಡಿದು ನಿಲ್ಲಿಸಲು ಹೇಳಿ, ಡಬ್ಬಿಯವರೆಗೆ ತರಬಾರದು. ಫೈಬರಿನ ತೆರೆದ ತುದಿಗೆ ಕಣ್ಣಿಟ್ಟು ನೋಡಲು ಮಕ್ಕಳನ್ನು ಬಿಡಬೇಡಿ, ಆ ಬೆಳಕು ಕಾಣಿಸುವುದಿಲ್ಲ.

ಇದರಿಂದ ಹಟ್ಟಿಯ ಸಾಮಾನಿಗೆ ಸಿಡಿಲು ಬಡಿಯುವುದೇ ಇಲ್ಲ ಎಂದು ನಾನು ಹೇಳಲಾರೆ. ಕರೆಂಟಿನ ಲೈನಿನಲ್ಲಿ ಬಂದರೆ ಅಲ್ಲಿನ ಡಬ್ಬಿ ಹೋದೀತು. ಆದರೆ ಅದು ನೆಟ್‌ವರ್ಕಿನ ದಾರಿಯಲ್ಲಿ ಮನೆಗೆ ಬರುವುದಿಲ್ಲ.

ಪಿಒಇ ಬೇಕಾದದ್ದು ಹಟ್ಟಿಯಲ್ಲಿ. ನೆಟ್‌ವರ್ಕ್ ಕೇಬಲಿನಲ್ಲೇ ಕ್ಯಾಮರಾಗೆ ಕರೆಂಟನ್ನೂ ಕಳಿಸುವ ಏರ್ಪಾಡು ಅದು. 4 ಪಿಒಇ ಪೋರ್ಟು, 2 ಸಾದಾ ಪೋರ್ಟಿನ ಸಣ್ಣ ಸ್ವಿಚ್ ಕ್ಯಾಮರಾ ಅಂಗಡಿಗಳಲ್ಲೇ ಸಿಗುತ್ತದೆ. ಇಲ್ಲಿ 100ರ ಸ್ವಿಚ್ ಸಾಕು, ಒಂದು ಕ್ಯಾಮರಾ ನಾಲ್ಕೈದು ಎಂಬಿಪಿಎಸ್ಸಿಗಿಂತ ಹೆಚ್ಚು ಕೇಳುವುದು ಕಡಿಮೆ. ಲೇಬಲ್ಲಿನಲ್ಲಿ 802.3 ಎಎಫ್ ಅಥವಾ ಎಟಿ ಎಂದು ಬರೆದಿರಬೇಕು. ಎಎಫ್ ಎಂದರೆ ಪ್ರತಿ ಪೋರ್ಟಿಗೆ 15.4 ವಾಟ್, ಎಟಿ ಎಂದರೆ 30. ಇಂಥ ಸ್ವಿಚ್ ಎದುರಿನ ಯಂತ್ರ ಯಾವುದೆಂದು ವಿಚಾರಿಸಿಯೇ ಕರೆಂಟು ಕೊಡುತ್ತದೆ. 'ಪ್ಯಾಸಿವ್' ಎಂದಿರುವವು ಕೇಳದೆ ಕರೆಂಟು ತಳ್ಳುತ್ತವೆ, ಅದಕ್ಕೆ ಲ್ಯಾಪ್‌ಟಾಪ್ ಚುಚ್ಚಿದರೆ ಅದರ ಪೋರ್ಟು ಸುಟ್ಟೀತು.

ಸ್ವಿಚ್ ಇಡುವ ಜಾಗವೂ ಮುಖ್ಯ. ಇಂಥ ಸಣ್ಣ ಸ್ವಿಚ್‌ಗಳು 40 ಡಿಗ್ರಿ ಸೆಲ್ಸಿಯಸ್ಸಿನವರೆಗಿನ ಸೆಕೆಗೆಂದು ಮಾಡಿದವು. ಹಂಚಿನಡಿಯ ಅಟ್ಟ, ತಗಡಿನ ಶೀಟಿನ ಕೆಳಗೆ ಬೇಸಗೆಯ ಮಧ್ಯಾಹ್ನ ಅದನ್ನು ಮೀರುತ್ತದೆ. ಚಾವಡಿಯ ಗೋಡೆಯಲ್ಲಿ, ಎದೆಯೆತ್ತರದಲ್ಲಿ, ಗಾಳಿಯಾಡುವಲ್ಲಿ ಇಡಿ. ಖಾಲಿ ಪೋರ್ಟುಗಳಿಗೆ ರಬ್ಬರ್ ಮುಚ್ಚಳ ಹಾಕಿ. ಮಳೆಗಾಲದಲ್ಲಿ ಇರುವೆಗಳಿಗೆ ಬೆಚ್ಚಗಿನ ಒಣ ಜಾಗ ಬೇಕು. ಮೊಟ್ಟೆ ಸಮೇತ ಪೋರ್ಟಿನೊಳಗೆ ಸಂಸಾರ ಹೂಡಿದ್ದನ್ನು ನಾನು ಎಷ್ಟೋ ಕಡೆ ಬ್ರಶ್ಶಿನಿಂದ ಗುಡಿಸಿದ್ದೇನೆ. ಅವು ಬಿಡುವ ಆಮ್ಲಕ್ಕೆ ಪಿನ್ನುಗಳು ಹಸಿರುಗಟ್ಟುತ್ತವೆ.

ಅಡಾಪ್ಟರಿನ ಬಗ್ಗೆ ಮನೆಯವರಿಗೆಲ್ಲ ಹೇಳಿಡಿ. ಮೋಡೆಮಿಗೆ ಸಾಮಾನ್ಯವಾಗಿ 12 ವೋಲ್ಟ್, ಸಣ್ಣ ಸ್ವಿಚ್ಚಿಗೆ 5 ಅಥವಾ 9. ಪಿನ್ನಿನ ಗಾತ್ರ ಮಾತ್ರ ಎಷ್ಟೋ ಸಲ ಒಂದೇ. ಗುಡುಗು ನಿಂತ ಮೇಲೆ ಕತ್ತಲಲ್ಲಿ ಪ್ಲಗ್ಗು ಚುಚ್ಚುವಾಗ ಅದಲುಬದಲಾದರೆ 5 ವೋಲ್ಟಿನ ಸ್ವಿಚ್ಚಿಗೆ 12 ಹೊಕ್ಕು ಅಲ್ಲೇ ಮುಗಿಯುತ್ತದೆ. ಎರಡು ಅಡಾಪ್ಟರಿಗೂ ಎರಡು ಬಣ್ಣದ ಟೇಪು ಸುತ್ತಿ, ಅದೇ ಬಣ್ಣದ ಟೇಪನ್ನು ಸ್ವಿಚ್ಚಿಗೂ ಮೋಡೆಮಿಗೂ ಅಂಟಿಸಿ. ಕರೆಂಟು ಹೋದಾಗಲೂ ಇಂಟರ್ನೆಟ್ ಬೇಕಾದರೆ ಮೋಡೆಮ್, ಸ್ವಿಚ್ ಎರಡನ್ನೂ ಇನ್ವರ್ಟರಿನ ಲೈನಿಗೆ ಹಾಕಿ. ಸ್ವಿಚ್ ತಿನ್ನುವುದು ನಾಲ್ಕೈದು ವಾಟ್ ಮಾತ್ರ.

ಸಾದಾ ಸ್ವಿಚ್ಚಿನಲ್ಲಿ ಒಂದು ಕೊರತೆ ಇದೆ. ಅದರ ಒಂದು ಪೋರ್ಟಿನಿಂದ ಹೊರಟ ಕೇಬಲ್ ಅದರದ್ದೇ ಇನ್ನೊಂದು ಪೋರ್ಟಿಗೆ ಸೇರಿದರೆ, ಸಂದೇಶಗಳು ಸುತ್ತಿ ಸುತ್ತಿ ಇಡೀ ಮನೆಯ ಜಾಲ ಸ್ತಬ್ಧವಾಗುತ್ತದೆ. ಮುಳ್ಳೇರಿಯ ಸಮೀಪದ ಒಂದು ಮನೆಯಲ್ಲಿ ಸತ್ಯನಾರಾಯಣ ಪೂಜೆಯ ಮರುದಿನ ಹೀಗಾಯಿತು. ಚಾವಡಿ ಗುಡಿಸಿ ಒರೆಸುವಾಗ ಕೆಳಗೆ ಬಿದ್ದಿದ್ದ ಕೇಬಲಿನ ತುದಿಯನ್ನು ಯಾರೋ ಒಳ್ಳೆಯ ಮನಸ್ಸಿನಿಂದ ಖಾಲಿ ಪೋರ್ಟಿಗೆ ಸಿಕ್ಕಿಸಿದ್ದರು. ಸ್ವಿಚ್ಚಿನ ಎಲ್ಲ ಲೈಟುಗಳೂ ಒಂದೇ ತಾಳಕ್ಕೆ ಬಿಡದೆ ಮಿನುಗುತ್ತಿದ್ದವು. ನಿಮ್ಮಲ್ಲಿ ಅಂಥದ್ದು ಕಂಡರೆ ಕೇಬಲುಗಳನ್ನು ಒಂದೊಂದಾಗಿ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಲೈಟು ಶಾಂತವಾಗುತ್ತದೋ ಅದೇ. ಪ್ರತಿ ಕೇಬಲಿನ ಎರಡು ತುದಿಗೂ 'ಟಿವಿ', 'ಉಪ್ಪರಿಗೆ 1', 'ಹಟ್ಟಿ' ಎಂದು ಕನ್ನಡದಲ್ಲೇ ಚೀಟಿ ಬರೆದು ಅಂಟಿಸಿದರೆ ಈ ಅವಾಂತರ ಬರುವುದಿಲ್ಲ.

ನಿಮ್ಮ ಹಳೆಯ 5 ಪೋರ್ಟಿನ ಸ್ವಿಚ್ ಯಾವುದೆಂದು ನೀವು ಬರೆದಿಲ್ಲ. ಬುಡದ ಲೇಬಲ್ ಓದಿ. ಗಿಗಾಬಿಟ್ ಆಗಿದ್ದರೆ ಉಪ್ಪರಿಗೆಯ ಮೇಜಿನ ಬಳಿ ಇಟ್ಟು ಇಬ್ಬರಿಗೂ ಅಲ್ಲಿಂದಲೇ ಕೊಡಿ. 100ರದ್ದಾದರೆ ಎಸೆಯಬೇಡಿ, ಕ್ಯಾಮರಾಗಳಿಗೆ ಬೇರೆ ಅಡಾಪ್ಟರಿನಿಂದ ಕರೆಂಟು ಕೊಡುವುದಾದರೆ ಹಟ್ಟಿಯಲ್ಲಿ ಪಿಒಇ ಸ್ವಿಚ್ಚಿನ ಬದಲು ಅದನ್ನೇ ಇಡಬಹುದು. ಅದರ ಮೂಲ ಅಡಾಪ್ಟರ್ ಜೊತೆಗಿದೆಯೇ ಎಂದು ಮೊದಲು ಹುಡುಕಿ. ಇಲ್ಲದಿದ್ದರೆ ಲೇಬಲ್ಲಿನಲ್ಲಿರುವ ವೋಲ್ಟೇಜನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ.